ಹಳೇ ಮಿಲಿಟರಿ ರೈಫಲ್‌ಗೆ ಮೊದಲು ಬೇಕಾದದ್ದು ಪಾಲಿಶ್ ಅಲ್ಲ

ಹಳೇ ಮಿಲಿಟರಿ ರೈಫಲ್ ಕೈಗೆ ಬಂತು ಅಂದರೆ ಎಷ್ಟೋ ಜನ ಮೊದಲು ಹುಡುಕುವುದು ಸ್ಯಾಂಡ್‌ಪೇಪರ್. ದಯವಿಟ್ಟು ಬೇಡ. ಮರದ ಮೇಲಿನ ಮುದ್ರೆಗಳು, ನಂಬರ್‌ಗಳು ಎಲ್ಲ ಅದರ ಜೊತೆಗೇ ಉಜ್ಜಿಹೋಗುತ್ತವೆ. ಅಷ್ಟಕ್ಕೂ ಹೊಳಪಿಗೂ ಗುರಿಗೂ ಸಂಬಂಧವೇ ಇಲ್ಲ. ಕಬ್ಬಿಣ ಮರದೊಳಗೆ ಹೇಗೆ ಕೂತಿದೆ ಅನ್ನುವುದೇ ಅರ್ಧ ಆಟ.

ಉದಾಹರಣೆಗೆ ಬ್ರಿಟಿಷ್ ಸೈನ್ಯದ ಹಳೇ ರೈಫಲ್ ಲೀ-ಎನ್‌ಫೀಲ್ಡ್ ನಂಬರ್ 4 ತೆಗೆದುಕೊಳ್ಳಿ. ಗುಂಡು ಹಾರಿದಾಗಿನ ಒದೆತವನ್ನೆಲ್ಲ ತಡೆಯುವುದು ಮುಂಭಾಗದ ಮರದ ಒಳಗಿರುವ ಎರಡು ಸಣ್ಣ ಅಂಚುಗಳು. ದಶಕಗಟ್ಟಲೆ ಎಣ್ಣೆ ಕುಡಿದು, ಒಣಗಿ, ಮರ ಕುಗ್ಗಿರುತ್ತದೆ. ಒಂದು ಅಂಚು ತಾಗುತ್ತದೆ, ಇನ್ನೊಂದು ತಾಗುವುದಿಲ್ಲ. ಆಮೇಲೆ ಗುಂಡುಗಳು ಗುರಿಹಲಗೆಯ ಮೇಲೆ ಮನಸ್ಸಿಗೆ ಬಂದ ಕಡೆ ಬಿದ್ದರೆ ಬ್ಯಾರಲ್ ಹೋಗಿದೆ ಅಂತ ಬೈಯುತ್ತೇವೆ! ಆ ಜಾಗದಲ್ಲಿ ಗಟ್ಟಿ ಮರದ ಚೂರು ಅಂಟಿಸಿ, ಕಬ್ಬಿಣಕ್ಕೆ ಮಸಿ ಹಚ್ಚಿ ಕೂರಿಸಿ, ಎಲ್ಲಿ ಕಪ್ಪಾಗಿದೆ ನೋಡಿ ಅಲ್ಲಿ ಮಾತ್ರ ಸ್ವಲ್ಪ ಕೆರೆದು, ಮತ್ತೆ ಕೂರಿಸಿ, ಎರಡೂ ಕಡೆ ಸಮ ತಾಗುವ ತನಕ ಇದೇ ಕೆಲಸ. ಬೇಜಾರಿನ ಕೆಲಸ, ಆದರೆ ಇಷ್ಟು ಫಲ ಕೊಡುವುದು ಬೇರೆ ಯಾವುದೂ ಇಲ್ಲ. ತುದಿಯಲ್ಲಿ ಮರ ಬ್ಯಾರಲ್ಲನ್ನು ಸ್ವಲ್ಪ ಮೇಲಕ್ಕೆ ಒತ್ತಿಕೊಂಡಿರಬೇಕು. ಸುಮ್ನೆ ಅಲ್ಲಿ ಕೆರೆಯಬೇಡಿ.

ಇದಕ್ಕೂ ಮೊದಲು ರೈಫಲ್ಲನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಒಯ್ದು ಹೆಡ್‌ಸ್ಪೇಸ್, ಅಂದರೆ ಹಿಂದಿನಿಂದ ಮುಚ್ಚುವ ಬೋಲ್ಟಿಗೂ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ, ಗೇಜ್ ಹಾಕಿ ನೋಡಿಸಿ. ಬೋಲ್ಟ್ ನಂಬರ್ ರೈಫಲ್ ನಂಬರಿಗೆ ಹೊಂದದಿದ್ದರಂತೂ ಇದು ತಪ್ಪಬಾರದು. ನಂಬರ್ 4ರಲ್ಲಿ ಬೋಲ್ಟ್‌ಹೆಡ್‌ಗಳು, ಅಂದರೆ ಬೋಲ್ಟಿನ ಮುಂದಿನ ತುದಿಗಳು, 0ಯಿಂದ 3ರವರೆಗೆ ಬೇರೆ ಬೇರೆ ಅಳತೆಯಲ್ಲಿ ಬರುತ್ತಿದ್ದವು, ಹಾಗಾಗಿ ಅದನ್ನು ಬದಲಿಸಿ ಸಾಮಾನ್ಯವಾಗಿ ಈ ಅಂತರ ಸರಿ ಮಾಡಬಹುದು.

ಇನ್ನು ಕ್ಯಾಲಿಬರ್ (ಗುಂಡಿನ ಅಳತೆ) ಬದಲಿಸುವ ಆಸೆ. ಲೀ-ಎನ್‌ಫೀಲ್ಡಿನ ಮೂಲ .303 ತೋಟಾದಿಂದ 7.62 ನೇಟೋ ತೋಟಾಗೆ ಹೋದರೆ ಒತ್ತಡ ಜಾಸ್ತಿ. ಪಶ್ಚಿಮ ಬಂಗಾಳದ ಇಶಾಪುರದ ಬಂದೂಕು ಕಾರ್ಖಾನೆ 1960ರ ದಶಕದಲ್ಲಿ 7.62ಕ್ಕೆ ತನ್ನ 2ಎ ರೈಫಲ್ ತಂದಾಗ ಹಳೇದಕ್ಕೆ ತೇಪೆ ಹಾಕಲಿಲ್ಲ, ಇನ್ನೂ ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿತು. ಬ್ರಿಟನ್ನಿನವರು ನಂಬರ್ 4ನ್ನೇ ಬದಲಿಸಿ ಎಲ್8 ಅಂತ ಮಾಡಿದರು, ಗುರಿ ಸಾಲಲಿಲ್ಲ. ಆಮೇಲೆ ದಪ್ಪ ಬ್ಯಾರಲ್ ಹಾಕಿ, ಮುಂದಿನ ಮರವನ್ನು ಮೊಟಕು ಮಾಡಿ, ಬ್ಯಾರಲ್ ಎಲ್ಲೂ ಮರಕ್ಕೆ ತಾಗದ ಹಾಗೆ ಬಿಟ್ಟಾಗ ಬಂದದ್ದು ಎಲ್39ಎ1. ಅದು ನಿಜವಾದ ಟಾರ್ಗೆಟ್ ರೈಫಲ್. ಅಂದರೆ ಬದಲಿಸುವುದಾದರೆ ಪೂರ್ತಿ ಬದಲಿಸಬೇಕು, ಅರ್ಧಂಬರ್ಧ ಮಾಡಿದರೆ ಹಳೇದೂ ಇಲ್ಲ, ಹೊಸದೂ ಇಲ್ಲ. ನನ್ನನ್ನು ಕೇಳಿದರೆ, ಭಾಗಗಳೆಲ್ಲ ಒಂದೇ ನಂಬರಿನವಾಗಿ ಉಳಿದಿರುವ ರೈಫಲ್ಲನ್ನು ಇದಕ್ಕೆ ಬಲಿ ಕೊಡಲೇಬಾರದು. ಯಾರೋ ಆಗಲೇ ಮರ ಕತ್ತರಿಸಿ ಹಾಳು ಮಾಡಿರುವುದು ಸಿಗುತ್ತದೆ, ಅದನ್ನು ಹಿಡಿದುಕೊಳ್ಳಿ.

ಸ್ವೀಡಿಷ್ ಮೌಸರ್ ಎಂ96 ಆದರೆ ಬದಲಿಸುವ ಮಾತೇ ಬೇಡ. ಅದರ 6.5x55 ತೋಟಾದ ಒದೆತ ಕಡಿಮೆ, ಗುರಿ ಚೆನ್ನ. ಹಿಂದಿನ ಮರದ ಮೇಲೆ ಹಿತ್ತಾಳೆ ಬಿಲ್ಲೆ ಇದ್ದರೆ ಬ್ಯಾರಲ್ ಎಷ್ಟು ಸವೆದಿದೆ ಅನ್ನುವುದು ಅದರಲ್ಲೇ ಗುರುತಾಗಿರುತ್ತದೆ. ಮರ ಬದಲಾಗಿದ್ದರೆ ಬಿಲ್ಲೆ ಬೇರೆ ರೈಫಲ್ಲಿನದೂ ಇರಬಹುದು, ಬ್ಯಾರಲ್ ಒಳಗೆ ಒಮ್ಮೆ ಇಣುಕಿ ನೋಡುವುದು ವಾಸಿ ಅಲ್ವಾ?

ಸ್ಪರ್ಧೆಗೆ ಹೋಗುವವರು ನಿಯಮ ಮೊದಲೇ ಓದಿಕೊಳ್ಳಿ, ಕೆಲವು ವಿಭಾಗಗಳಲ್ಲಿ ಸೈನ್ಯದಲ್ಲಿದ್ದ ರೂಪದಲ್ಲೇ ಇರಬೇಕು. ಹಳೇ ಮಿಲಿಟರಿ ಗುಂಡು ಬಳಸಿದರೆ ಅವತ್ತೇ ಬಿಸಿನೀರಿನಲ್ಲಿ ಬ್ಯಾರಲ್ ತೊಳೆಯಿರಿ. ಅದರ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಹೆಚ್ಚಾಗಿ ಬಿಟ್ಟುಹೋಗುವುದು ಉಪ್ಪು, ಅದು ಎಣ್ಣೆಯಲ್ಲಿ ಕರಗುವುದಿಲ್ಲ. ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಎಣ್ಣೆ.