ಗುಡಿ ಬಿಟ್ಟು ಬೀದಿಗೆ ಬರುವ ದೇವರು

ಮಲೇಷ್ಯಾದ ಜೊಹೊರ್ ಬಹ್ರುವಿನಲ್ಲಿ ವರ್ಷಕ್ಕೊಮ್ಮೆ ಐದು ದೇವರು ಒಟ್ಟಿಗೆ ಗುಡಿ ಬಿಟ್ಟು ಹೊರಡುತ್ತವೆ. ಚೀನೀ ಹೊಸವರ್ಷದ ಮೊದಲ ತಿಂಗಳ 20ನೇ ದಿನ ಪಲ್ಲಕ್ಕಿ ಏರುತ್ತವೆ. 21ರ ರಾತ್ರಿ ಊರು ಸುತ್ತುತ್ತವೆ. 22ಕ್ಕೆ ವಾಪಸ್ ಗುಡಿಗೆ. ಈ ಉತ್ಸವಕ್ಕೆ ಚಿಂಗೇ ಎನ್ನುತ್ತಾರೆ.

ನಮ್ಮ ಶಿರಸಿ ಕಡೆಯವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಗುಡಿಯಿಂದ ಹೊರಟು, ರಥ ಏರಿ, ಬಿಡಕಿಬೈಲಿನ ಗದ್ದುಗೆಯಲ್ಲಿ ಬಂದು ಕೂರುತ್ತಾಳೆ. ಅಷ್ಟೂ ದಿನ ಅವಳು ಪೇಟೆಯ ನಡುವೆ, ಜನರ ಮಧ್ಯೆ ಇರುತ್ತಾಳೆ. ಚಿಂಗೇಯ ದೇವರೂ ಹಾಗೇ. ಗುಡಿಯಿಂದ ಹೊರಟ ಮೇಲೆ ಒಂದು ರಾತ್ರಿ ಬೇರೆ ಕಡೆ ತಂಗುತ್ತವೆ. ಆ ಜಾಗಕ್ಕೆ ಅವರು ಶಿಂಗ್‌ಗೊಂಗ್ ಅಂತಾರೆ. ನನಗೆ ಅದು ಗದ್ದುಗೆಯೇ.

ಸಿಂಗಪುರದಲ್ಲಿರುವ ನಮ್ಮಂಥವರಿಗೆ ಜೆಬಿ, ಅಂದರೆ ಜೊಹೊರ್ ಬಹ್ರು, ಸಾಮಾನ್ಯವಾಗಿ ಶನಿವಾರದ ಪೇಟೆ. ದಿನಸಿ ಅಗ್ಗ, ಊಟ ಅಗ್ಗ, ಹಲ್ಲಿನ ಡಾಕ್ಟರೂ ಅಗ್ಗ. 1924ರಲ್ಲಿ ಕಟ್ಟಿ ಮುಗಿಸಿದ ಸುಮಾರು ಒಂದು ಕಿಲೋಮೀಟರ್ ಉದ್ದದ ಕಾಸ್‌ವೇ, ಅಂದರೆ ಕಡಲಿಗೆ ಅಡ್ಡವಾಗಿ ಕಟ್ಟಿದ ರಸ್ತೆ, ದಾಟಿದರೆ ಬೇರೆ ದೇಶ. ಪಾಸ್‌ಪೋರ್ಟ್ ಸಾಲಿನಲ್ಲಿ ನಿಲ್ಲುವ ಹೊತ್ತೇ ಜಾಸ್ತಿ. ಚೀಲ ತುಂಬಿಸಿಕೊಂಡು ಮರಳುವವರು ಆ ಊರಿನ ಗುಡಿಗಳನ್ನು ನೋಡುವುದು ಕಡಿಮೆ. ನೋಡಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಚಿಂಗೇಯ ಐದು ದೇವರು ಕೂತಿರುವ ಹಳೆ ಚೀನೀ ಗುಡಿ ಇರುವುದು ಜಾಲಾನ್ ತ್ರುಸ್ ಎಂಬ ಬೀದಿಯಲ್ಲಿ. ಸುತ್ತ ಎತ್ತರದ ಕಟ್ಟಡಗಳು, ನಡುವೆ ತಗ್ಗು ಮಾಡಿನ ಪುಟ್ಟ ಗುಡಿ. ಅಲ್ಲಿನ ಹಳೆಯ ಫಲಕವೊಂದರ ಮೇಲೆ 1870ರ ಕಾಲ ಬರೆದಿದೆ. ಊರು ಹುಟ್ಟಿದ್ದೇ 1855ರಲ್ಲಿ. ಆಗ ಅದರ ಹೆಸರು ತಂಜುಂಗ್ ಪುತೆರಿ. ದಕ್ಷಿಣ ಚೀನಾದಿಂದ ಬಂದವರು ಇಲ್ಲಿ ಕಾಡು ಕಡಿದು ಗಂಬಿಯರ್ ಮತ್ತು ಕಾಳುಮೆಣಸು ಬೆಳೆದರು. ಗಂಬಿಯರ್ ಎಂದರೆ ಎಲೆಯಡಿಕೆಗೆ ಹಾಕುವ ಕಾಚಿನಂಥದು. ಚರ್ಮ ಹದ ಮಾಡಲೂ ಬೇಕಿತ್ತು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ತೋಟದ ನಡುವೆ ಬೆಳೆದವಳು ನಾನು. ಕೂಲಿಯವರ ಕೈ, ಮಳೆ, ಜಿಗಣೆ, ಜ್ವರ ಎಲ್ಲ ಗೊತ್ತು. ಅಂಥ ಕಾಡಿನಲ್ಲಿ, ಮನೆಯವರನ್ನು ಸಮುದ್ರದ ಆಚೆ ಬಿಟ್ಟು ಬಂದವರು ಮೊದಲು ಏನು ಕೇಳಿಕೊಂಡಿರಬಹುದು? ಜೀವ ಉಳಿಸು ಅಂತಲೇ ಅಲ್ವಾ?

ಅವರೆಲ್ಲ ಒಂದೇ ಮಾತಿನವರಲ್ಲ. ತಿಯೋಚ್ಯೂ, ಹೊಕ್ಕಿಯನ್, ಹಕ್ಕಾ, ಕ್ಯಾಂಟನೀಸ್, ಹೈನಾನೀಸ್ ಎಂದು ಐದು ಗುಂಪು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಪಕ್ಕದ ಸಿಂಗಪುರದಲ್ಲಿ 1854ರಲ್ಲಿ ಹೊಕ್ಕಿಯನ್ನರೂ ತಿಯೋಚ್ಯೂಗಳೂ ಬೀದಿಯಲ್ಲಿ ಹೊಡೆದಾಡಿ ಎಷ್ಟೋ ಜನ ಸತ್ತರು. ಇಲ್ಲಿ ಮಾತ್ರ ಐದೂ ಗುಂಪಿನವರು ತಮ್ಮ ತಮ್ಮ ದೇವರನ್ನು ಒಂದೇ ಸೂರಿನಡಿ ಕೂರಿಸಿದರು. ತಿಯೋಚ್ಯೂಗಳ ಯುವಾನ್‌ತಿಯಾನ್ ಶಾಂಗ್‌ದಿ ನಡುವೆ ಕೂತಿದ್ದಾನೆ, ಉಳಿದವರು ಅಕ್ಕಪಕ್ಕ. ಯಾರೂ ತಮ್ಮ ದೇವರನ್ನು ಬಿಟ್ಟುಕೊಡಲಿಲ್ಲ. ಇನ್ನೊಬ್ಬರ ದೇವರಿಗೆ ಜಾಗ ಮಾಡಿಕೊಟ್ಟರು, ಅಷ್ಟೆ. ಆ ಗುಡಿಯಲ್ಲಿ ಊದುಬತ್ತಿ ಹಿಡಿದು ಐದೂ ಮೂರ್ತಿಗಳ ಮುಂದೆ ಒಂದೊಂದಾಗಿ ತಲೆ ಬಾಗಿಸುವಾಗ ನನಗೆ ಗಂಟಲು ಕಟ್ಟಿತು.

ಅದೇ ಬೀದಿಯ ಸುತ್ತಮುತ್ತ ಗುರುದ್ವಾರವಿದೆ, ಚರ್ಚ್ ಇದೆ, ಭಾರತೀಯ ಮುಸ್ಲಿಮರ ಮಸೀದಿ ಇದೆ. ಸ್ವಲ್ಪ ನಡೆದರೆ ಜಾಲಾನ್ ಉಂಗ್ಕು ಪುವಾನ್. ಮಲ್ಲಿಗೆ ಮಾಲೆ ಕಟ್ಟುವವರ ಸಾಲು, ಬಾಳೆಲೆ ಊಟದ ಹೋಟೆಲು. ಅಲ್ಲೇ ರಾಜಮಾರಿಯಮ್ಮನ ಗುಡಿ, 1911ರದು. ಜಾಗ ಕೊಟ್ಟಿದ್ದು ಜೊಹೊರ್‌ನ ಸುಲ್ತಾನರು. ರಬ್ಬರ್ ತೋಟಕ್ಕೆ, ರೈಲು ಹಳಿಯ ಕೆಲಸಕ್ಕೆ ಬಂದ ತಮಿಳು ಕೂಲಿಗಳು ತಮ್ಮ ಜೊತೆ ತಂದುಕೊಂಡ ದೇವಿ ಇವಳು.

ಈ ಸಲ ರಜೆ ಸಿಗದೆ ನನಗೆ ಶಿರಸಿ ಜಾತ್ರೆ ತಪ್ಪಿತು. ಆಯಿ ಫೋನಿನಲ್ಲಿ ಬೇಸರ ಮಾಡಿಕೊಳ್ಳಲಿಲ್ಲ. "ಅಲ್ಲೂ ಮಾರಮ್ಮ ಇದ್ದಾಳಲ್ಲ, ಅವಳಿಗೇ ಉಡಿ ತುಂಬಿ ಬಾ" ಎಂದಳು. ಹಾಗಾಗಿ ಒಂದು ಶುಕ್ರವಾರ ಖಣ, ಅಕ್ಕಿ, ತೆಂಗಿನಕಾಯಿ, ಅರಿಶಿನ ಕುಂಕುಮ, ಹಸಿರು ಬಳೆ ತಟ್ಟೆಯಲ್ಲಿಟ್ಟು ಹೋದೆ. ಅರ್ಚಕರು ಹೆಸರು, ನಕ್ಷತ್ರ ಕೇಳಿದರು. ಉಡಿ ತುಂಬುವ ಪದ್ಧತಿ ಅವರಿಗೆ ಹೊಸದು. ಆದರೂ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿ ಅಮ್ಮನ ಪಾದದ ಹತ್ತಿರ ಇಟ್ಟರು, ಮಂಗಳಾರತಿ ಮಾಡಿದರು. ನನ್ನ ಹರಕೆ ಮುಟ್ಟಿತು ಎನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ. ಆಯಿಗೂ ಇಲ್ಲ.

ಜೊಹೊರ್‌ಗೆ ಹೋದವರೆಲ್ಲ ನೋಡುವ ಗಾಜಿನ ಗುಡಿಗೂ ಹೋದೆ. ರಾಜಕಾಳಿಯಮ್ಮನ ಗುಡಿ ಅದು, ರೈಲು ಹಳಿಯ ಪಕ್ಕದಲ್ಲೇ ಇದೆ. ಗೋಡೆ, ಕಂಬ, ಚಾವಣಿಗೆಲ್ಲ ಬಣ್ಣದ ಗಾಜಿನ ಚೂರು, ಸುಮಾರು 3 ಲಕ್ಷ. ತುಂಬ ಚೆಂದ. ಆದರೆ ನನ್ನ ಮನಸ್ಸು ನಿಂತದ್ದು 1922ರಲ್ಲಿ ಅದೇ ಜಾಗದಲ್ಲಿದ್ದ ಸಣ್ಣ ಗುಡಿಸಲಿನ ಮೇಲೆ. ಕೈಯಲ್ಲಿ ಏನೂ ಇಲ್ಲದವರು ಮೊದಲು ದೇವಿಗೆ ಒಂದು ನೆರಳು ಮಾಡಿದರು. ಈಗಿನ ಈ ಹೊಳಪೆಲ್ಲ ಆ ನೆರಳಿನ ಮೇಲೆ ನಿಂತಿದೆ.

ಚಿಂಗೇ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಹೊತ್ತು ಮುಳುಗುವ ಮೊದಲೇ ಜನ ರಸ್ತೆಯ ಎರಡೂ ಕಡೆ ಬಂದು ಕೂತಿರುತ್ತಾರೆ. ಮುದುಕಿಯರು ಮಡಚುವ ಕುರ್ಚಿ ತಂದಿರುತ್ತಾರೆ, ಮಕ್ಕಳು ಅಪ್ಪನ ಹೆಗಲ ಮೇಲೆ. ಮೊದಲು ಸಿಂಹ ಕುಣಿತ, ಡ್ರ್ಯಾಗನ್, ನಗಾರಿ. 24 ನಗಾರಿಗಳ ವಾದ್ಯವಂತೂ ಇದೇ ಊರಿನಲ್ಲಿ 1988ರಲ್ಲಿ ಹುಟ್ಟಿದ್ದು. ಆಮೇಲೆ ಪಲ್ಲಕ್ಕಿಗಳು. ಹೊತ್ತವರು ಸುಮ್ನೆ ನಡೆಯುವುದಿಲ್ಲ. ಪಲ್ಲಕ್ಕಿಯನ್ನು ಜೋರಾಗಿ ಅಲ್ಲಾಡಿಸುತ್ತಾ, "ಹೆಂಗ್ ಆ!" ಎಂದು ಕೂಗುತ್ತಾ ಮುನ್ನುಗ್ಗುತ್ತಾರೆ. ಎಲ್ಲರಿಗೂ ಒಳ್ಳೆಯದಾಗಲಿ ಎಂಬ ಕೂಗು ಅದು. ಜನರೂ ದನಿಗೂಡಿಸುತ್ತಾರೆ. ನಾನೂ ಕೂಗಿದೆ. ಬಾಯಲ್ಲಿ "ಹೆಂಗ್ ಆ", ಒಳಗೆ "ಉಧೋ ಉಧೋ". ಪಕ್ಕದಲ್ಲಿದ್ದ ಚೀನೀ ಅಜ್ಜಿ ತನ್ನ ಕೈಯ ಊದುಬತ್ತಿಯಲ್ಲಿ ಮೂರನ್ನು ತೆಗೆದು ನನಗೆ ಕೊಟ್ಟಳು. ಮಾತು ಬರುವುದಿಲ್ಲ, ಕೈ ಮುಗಿದು ತೋರಿಸಿದಳು.

ಮನೆಮಠ ಬಿಟ್ಟು ದೂರ ಬಂದವರಿಗೆ ದೇವರು ಒಳಗೆ ಕೂತಿದ್ದರೆ ಸಾಲದು ಎಂದು ನನಗನ್ನಿಸುತ್ತದೆ. ಅಂಗಡಿ ಮುಚ್ಚಿ ಬರಲಾಗದವನು, ಕಾಲು ನೋವಿನ ಮುದುಕಿ, ರಾತ್ರಿ ಪಾಳಿಯ ಕೆಲಸದವನು, ಗುಡಿಯೊಳಗೆ ಬರಲು ಸಂಕೋಚಪಡುವ ಬೇರೆ ಊರಿನವಳು, ಇವರೆಲ್ಲರ ಬಾಗಿಲಿಗೆ ದೇವರೇ ಬರಬೇಕು. ಬರುತ್ತಾನೆ. ಬರುತ್ತಾಳೆ. ಶಿರಸಿಯಲ್ಲಿ ರಥದ ಮೇಲೆ, ಇಲ್ಲಿ ಪಲ್ಲಕ್ಕಿಯಲ್ಲಿ.

ಮುಂದಿನ ಚಿಂಗೇಗೆ ಆಯಿಯನ್ನು ಕರೆದುಕೊಂಡು ಹೋಗುವ ಆಸೆಯಿದೆ. ರಾತ್ರಿಯ ಗುಂಪಿನಲ್ಲಿ ನಿಲ್ಲಲು ಅವಳಿಗಾಗದು. ಅದಕ್ಕೆ 20ರಂದೇ ಹೋಗಿ, ದೇವರು ತಂಗಿರುವಲ್ಲಿಗೆ ನಡೆಯಬೇಕು. ಅಲ್ಲಿಯಾದರೆ ಐದೂ ದೇವರನ್ನು ಹತ್ತಿರದಿಂದ, ನಿಧಾನವಾಗಿ ನೋಡಬಹುದು. ಮರಳುವಾಗ ಕಾಸ್‌ವೇಯಲ್ಲಿ ವಿಪರೀತ ಸಾಲಿರುತ್ತದೆ. ವಯಸ್ಸಾದವರನ್ನು ಕರೆದೊಯ್ಯುವವರು ಜೆಬಿಯಲ್ಲೇ ಒಂದು ರಾತ್ರಿ ಉಳಿದು, ಬೆಳಿಗ್ಗೆ ಮಾರಿಯಮ್ಮನ ದರ್ಶನ ಮುಗಿಸಿ ಬರುವುದು ಒಳ್ಳೆಯದು.