ಬೆಂಕಿಯ ನಾಲಿಗೆ, ಗುಬ್ಬಿಯ ಮಾತು

ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದದ್ದನ್ನು ನೆನೆಯುವ ಪಂಚಾಶತ್ತಮ ಹಬ್ಬದ ಭಾನುವಾರ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿರುವ ವಿಲಿಯಂ ಆರ್ಥರ್ ಸ್ಮಾರಕ ದೇವಾಲಯಕ್ಕೆ, ಅಂದರೆ ಚರ್ಚಿಗೆ, ಹೋಗಿದ್ದೆ. ಪಾಠ ಓದಲು ಒಬ್ಬ ಹುಡುಗ ಎದ್ದು ನಿಂತ. ಸತ್ಯವೇದದ (ಬೈಬಲಿನ) ಅಪೊಸ್ತಲರ ಕೃತ್ಯಗಳು, ಎರಡನೇ ಅಧ್ಯಾಯ. ಉರಿಯಂಥ ನಾಲಿಗೆಗಳು ಶಿಷ್ಯರ ಮೇಲೆ ಇಳಿಯುವ ತನಕ ಚೆನ್ನಾಗೇ ಓದಿದ. ಪಾರ್ಥ್ಯರು, ಮೇದ್ಯರು ಅಂತ ಅಲ್ಲಿ ಸೇರಿದ್ದ ನಾನಾ ದೇಶದವರ ಹೆಸರುಗಳು ಶುರುವಾದವು ನೋಡಿ, ತಡವರಿಸಿಬಿಟ್ಟ. ಪಕ್ಕದಲ್ಲಿದ್ದ ಅಜ್ಜಿ ಸಣ್ಣ ದನಿಯಲ್ಲಿ ಒಂದೊಂದೇ ಹೆಸರು ಹೇಳುತ್ತಾ ಹೋದರು. ಅವರ ಕೈಯಲ್ಲಿ ಸತ್ಯವೇದ ಇರಲಿಲ್ಲ.

ಆರ್ಥರ್ ಅಯ್ಯನವರಿಗೂ ಈ ಹಬ್ಬಕ್ಕೂ ನಂಟಿದೆ. ಅವರು ಐರ್ಲೆಂಡಿನವರು, ಹುಟ್ಟಿದ್ದು 1819ರಲ್ಲಿ. ವೆಸ್ಲಿಯನ್ ಮೆಥಡಿಸ್ಟ್ ಎಂಬ ಪ್ರಾಟೆಸ್ಟಂಟ್ ಪಂಗಡದ ಮಿಷನರಿಯಾಗಿ 1839ರಲ್ಲಿ ಇಂಡಿಯಾಕ್ಕೆ ಹಡಗು ಹತ್ತಿದಾಗ ಬರೀ ಇಪ್ಪತ್ತು ವರ್ಷ. ಗುಬ್ಬಿ ಆಗಲೇ ಅಡಿಕೆ, ಕೊಬ್ಬರಿ ವ್ಯಾಪಾರದ ಊರು. ಇಲ್ಲಿ ಸುವಾರ್ತೆ ಹೇಳಬೇಕೆಂದರೆ ಸಂತೆಗೆ ಬಂದವರ ಕನ್ನಡ ಬರಬೇಕು. ಅ ಆ ಇ ಈ ಯಿಂದ ಶುರುಮಾಡಬೇಕು, ಅಲ್ವಾ? ಹುಡುಗ ಓದಿದ ಆ ಪಾಠದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದೂ ಇದೇ. ಕೇಳಿದವರೆಲ್ಲ ತಮ್ಮ ತಮ್ಮ ಹುಟ್ಟು ಭಾಷೆಯಲ್ಲೇ ಕೇಳಿದರು. ದೇವರು ಜನರನ್ನು ಕೂರಿಸಿ ಇನ್ನೊಂದು ಭಾಷೆ ಕಲಿಸಲಿಲ್ಲ. ತಡವರಿಸುವ ಕಷ್ಟವೆಲ್ಲ ಹೇಳಲು ಬಂದವರಿಗೇ.

ಆದರೆ ಆರ್ಥರ್ ಅಯ್ಯನವರು ಇಲ್ಲಿದ್ದದ್ದು ಎರಡು ವರ್ಷವಷ್ಟೇ. ಆರೋಗ್ಯ ಕೆಟ್ಟಿತು, ಕಣ್ಣಿಗೂ ತೊಂದರೆಯಾಯಿತು. 1841ರಲ್ಲಿ ವಾಪಸ್ಸು ಹೋದರು. ನಾಲಿಗೆ ಕನ್ನಡಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ಹೊರಡು ಅಂದ ಹಾಗೆ. ದೇವರ ಮೇಲೆ ನನಗೇ ಸ್ವಲ್ಪ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಮುಂದೆ ಅವರು ದೊಡ್ಡ ಹುದ್ದೆಗಳಿಗೇರಿದರು, 1866ರಲ್ಲಿ ಆ ಪಂಗಡದ ಮಹಾಸಭೆಯಾದ ವೆಸ್ಲಿಯನ್ ಕಾನ್ಫರೆನ್ಸಿನ ಅಧ್ಯಕ್ಷರೂ ಆದರು. ಮೈಸೂರು ಸೀಮೆಯ ಕೆಲಸದ ಬಗ್ಗೆ 1847ರಲ್ಲಿ ಒಂದು ಪುಸ್ತಕ ಬರೆದಿದ್ದರು. ಜನ ಜಾಸ್ತಿ ಓದಿದ್ದು 1856ರ ಪುಸ್ತಕವನ್ನು. ಅದರ ಹೆಸರು ‘ದಿ ಟಂಗ್ ಆಫ್ ಫೈರ್’, ಬೆಂಕಿಯ ನಾಲಿಗೆ. ಅದೇ ಪಂಚಾಶತ್ತಮದ ನಾಲಿಗೆ. ಬರೆಯುವಾಗ ಗುಬ್ಬಿ ಸಂತೆಯ ಗದ್ದಲ ಒಮ್ಮೆಯಾದರೂ ಕಿವಿಯಲ್ಲಿ ಸುಳಿದಿರಬೇಕು ಅಂತ ನಾನು ಸುಮ್ನೆ ಅಂದುಕೊಳ್ಳುತ್ತೇನೆ.

1901ರಲ್ಲಿ ಅವರು ತೀರಿಕೊಂಡದ್ದು ಫ್ರಾನ್ಸಿನಲ್ಲಿ. ಗುಬ್ಬಿಯಲ್ಲಿ ಅವರ ಹೆಸರಿನ ಈ ದೇವಾಲಯ ಎದ್ದದ್ದು 1904ರಲ್ಲಿ.

ಆರಾಧನೆ ಮುಗಿದ ಮೇಲೆ ಅಜ್ಜಿಯನ್ನು ಕೇಳಿದೆ, “ಅಷ್ಟೂ ಹೆಸರು ಬಾಯಿಪಾಠವಾ ಅಜ್ಜಿ?”

“ಕಣ್ಣು ಕಾಣಲ್ಲ ಮಗಾ” ಅಂದರು. ಮೆಟ್ಟಿಲು ಇಳಿಯಲು ನನ್ನ ತೋಳು ಹಿಡಿದುಕೊಂಡರು. ಆ ಹುಡುಗ ಎದುರು ಬಂದ. ಅವನ ಕೆನ್ನೆ ಸವರಿ, “ಮುಂದಿನ ವರ್ಷವೂ ನೀನೇ ಓದು” ಅಂದರು.