ಟಿಆರ್‌ಎಫ್‌ಸಿ 630ರಿಂದ 288ಕ್ಕೆ: ರ‍್ಯಾಮ್ ಓವರ್‌ಕ್ಲಾಕಿಂಗ್ ಎಲ್ಲಿಗೆ ಬಂತು

ಶನಿವಾರ

ರೈಜನ್ 5 5600 ಪ್ರೊಸೆಸರ್ ಜೊತೆಗಿರುವ ಡಿಡಿಆರ್4 ಮೆಮೊರಿ ಜೋಡಿಯನ್ನು 3600ರಲ್ಲೇ (ಸೆಕೆಂಡಿಗೆ 3600 ದಶಲಕ್ಷ ವರ್ಗಾವಣೆ, ಸೈಕಲ್ಲಿಗೆ ಎರಡರಂತೆ) ನಿಲ್ಲಿಸಿದ್ದೇನೆ. ಈ ವೇಗದಲ್ಲಿ ಮೆಮೊರಿಯೂ ಪ್ರೊಸೆಸರ್ ಒಳಗಿನ ಭಾಗಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್ಕೂ 1800 ಮೆಗಾಹರ್ಟ್ಸ್‌ನಲ್ಲಿ ಸರಿಸಮನಾಗಿ ಓಡುತ್ತವೆ. ಈ ಹೊಂದಾಣಿಕೆ ಕೆಡಿಸಿಕೊಂಡು ಇನ್ನೂ ಮೇಲೇರುವ ಆಸೆ ನನಗಿಲ್ಲ. ಈಗ ಗಮನವೆಲ್ಲ ಟೈಮಿಂಗ್‌ಗಳ ಮೇಲೆ, ಅಂದರೆ ಮೆಮೊರಿಯ ಒಂದೊಂದು ಕೆಲಸಕ್ಕೆ ಎಷ್ಟು ಸೈಕಲ್ ಕಾಯಬೇಕು ಎಂಬ ಸಂಖ್ಯೆಗಳ ಮೇಲೆ.

ಮೊದಲು ಸಿಎಲ್: ಓದುವ ಆದೇಶ ಕೊಟ್ಟ ಮೇಲೆ ದತ್ತಾಂಶ ಬರಲು ಹಿಡಿಯುವ ಸೈಕಲ್‌ಗಳ ಸಂಖ್ಯೆ. ಇಲ್ಲಿ ಒಂದು ಸೈಕಲ್ಲಿಗೆ 0.556 ನ್ಯಾನೊಸೆಕೆಂಡ್, ಸಿಎಲ್ 16ಕ್ಕೆ 8.89, ಸಿಎಲ್ 14ಕ್ಕೆ 7.78. 1.35 ವೋಲ್ಟಿನಲ್ಲಿ 14ಕ್ಕೆ ಒಗ್ಗದ ಚಿಪ್‌ಗಳು 1.45ಕ್ಕೆ ಒಗ್ಗಿದವು. 15ನ್ನು ಪ್ರಯತ್ನಿಸಲಿಲ್ಲ, ಆದೇಶಗಳನ್ನು ಅರ್ಧ ವೇಗದಲ್ಲಿ ಸ್ವೀಕರಿಸುವ ಗೇರ್ ಡೌನ್ ಮೋಡ್ ಚಾಲೂ ಇದ್ದರೆ ಬೆಸ ಸಂಖ್ಯೆ ತಾನಾಗಿ ಮುಂದಿನ ಸಮಸಂಖ್ಯೆಗೆ ಏರುತ್ತದೆ.

ಕೊಳ್ಳುವಾಗ ಎಲ್ಲರೂ ನೋಡುವುದು ಸಿಎಲ್ಲನ್ನೇ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬಯೋಸ್‌ನ ಒಳಪುಟದಲ್ಲಿರುವ ಟಿಆರ್‌ಎಫ್‌ಸಿ. ಡಿರ‍್ಯಾಮ್‌ನ ಪ್ರತಿ ಕೋಶವೂ ಒಂದು ಪುಟ್ಟ ಕೆಪಾಸಿಟರ್. ಅದರ ವಿದ್ಯುದಂಶ ಸೋರುತ್ತಲೇ ಇರುತ್ತದೆ. 64 ಮಿಲಿಸೆಕೆಂಡಿನೊಳಗೆ ಎಲ್ಲ ಸಾಲುಗಳನ್ನೂ ಮತ್ತೆ ತುಂಬಬೇಕು. ಅದಕ್ಕಾಗಿ 7.8 ಮೈಕ್ರೊಸೆಕೆಂಡಿಗೊಮ್ಮೆ ರಿಫ್ರೆಶ್ ಆದೇಶ ಹೊರಡುತ್ತದೆ. ಅದು ಮುಗಿಯುವ ತನಕ, ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪಾದ ಆ ರ‍್ಯಾಂಕಿನಿಂದ ಏನನ್ನೂ ಓದುವಂತಿಲ್ಲ, ಅದಕ್ಕೆ ಬರೆಯುವಂತಿಲ್ಲ. ಈ ಕಾಯುವ ಅವಧಿಯೇ ಟಿಆರ್‌ಎಫ್‌ಸಿ. 8 ಗಿಗಾಬಿಟ್ ಚಿಪ್‌ಗೆ ಮೆಮೊರಿ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ ಕೊಟ್ಟಿರುವ ಕಾಲ 350 ನ್ಯಾನೊಸೆಕೆಂಡ್, ಅಂದರೆ 630 ಸೈಕಲ್. ಒಟ್ಟು ಸಮಯದಲ್ಲಿ ಶೇ 4.5ರಷ್ಟು ಬರೀ ಕಾಯುವುದರಲ್ಲೇ ಹೋಯಿತು! ನನ್ನ ಬಳಿ ಇರುವುದು ಸ್ಯಾಮ್‌ಸಂಗ್‌ನ ಬಿ-ಡೈ ಎಂಬ ಮೆಮೊರಿ ಚಿಪ್. ಅದಕ್ಕೆ 160 ನ್ಯಾನೊಸೆಕೆಂಡ್ ಸಾಕಾಗುತ್ತದೆ. 288 ಎಂದು ನಮೂದಿಸಿದೆ. ಕಾಯುವ ಪಾಲು ಶೇ 2ರ ಆಸುಪಾಸಿಗೆ ಇಳಿಯಿತು. ಜೊತೆಗೆ, ಸಾಲುಗಳನ್ನು ಒಂದರ ಹಿಂದೊಂದು ತೆರೆಯುವ ನಡುವಿನ ಅಂತರ ನಿಗದಿಪಡಿಸುವ ಟಿಎಫ್‌ಎಡಬ್ಲ್ಯು 16, ಟಿಆರ್‌ಆರ್‌ಡಿಎಸ್ 4. ವೇಗ ಅಳೆಯುವ ಐಡಾ64 ತಂತ್ರಾಂಶದಲ್ಲಿ 66 ನ್ಯಾನೊಸೆಕೆಂಡ್ ತೋರಿಸುತ್ತಿದ್ದ ವಿಳಂಬ ಈಗ 58. ಗಡಿಯಾರದ ವೇಗ ಒಂದಿಷ್ಟೂ ಏರಿಲ್ಲ ಎಂಬುದೇ ನನ್ನ ಸಂತೋಷ.

ಭಾನುವಾರ

288ಕ್ಕಿಂತ ಕೆಳಗೆ ಹೋಗಬಹುದೇ ಎಂದು 272 ಕೊಟ್ಟು ಮೆಮೊರಿ ಪರೀಕ್ಷಿಸುವ ಟೆಸ್ಟ್‌ಮೆಮ್5 ತಂತ್ರಾಂಶ ಓಡಿಸಿದೆ. ಬೆಳಿಗ್ಗೆ ಒಂದು ದೋಷವೂ ಇಲ್ಲ. ಮಧ್ಯಾಹ್ನ ಮಾಡ್ಯೂಲುಗಳ ಉಷ್ಣತೆ 50 ಡಿಗ್ರಿ ದಾಟಿದ್ದೇ ತಡ, ದೋಷಗಳು ಸಾಲುಗಟ್ಟಿದವು. ಕಾವೇರಿದಂತೆ ಸೋರಿಕೆಯೂ ಹೆಚ್ಚುತ್ತದೆ. ತಂಪಿನಲ್ಲಿ ಸಾಕಾಗಿದ್ದ ಅವಧಿ ಆಗ ಸಾಲದು. ಮತ್ತೆ 288ಕ್ಕೆ ತಂದು, ರ‍್ಯಾಮ್‌ನತ್ತ ಗಾಳಿ ಬೀಸುವಂತೆ ಒಂದು ಫ್ಯಾನ್ ಕೂರಿಸಿದೆ. ಸಂಜೆಯವರೆಗೂ ಶುದ್ಧ ಫಲಿತಾಂಶ.

ಈ ಹಾದಿ ಹಿಡಿಯುವವರು ಪರೀಕ್ಷೆ ಮುಗಿಯುವವರೆಗೆ ಮುಖ್ಯ ಕಡತಗಳಿರುವ ಡ್ರೈವ್ ಅನ್ನು ಬೇರ್ಪಡಿಸಿಡಿ. ಮೆಮೊರಿಯ ದೋಷ ಪ್ರತಿ ಬಾರಿಯೂ ನೀಲಿ ಪರದೆಯಾಗಿ ಕಾಣಿಸುವುದಿಲ್ಲ; ಸದ್ದಿಲ್ಲದೆ ಕಡತವನ್ನೇ ಕೆಡಿಸಬಲ್ಲದು.

ಮುಂದಿನದು ಟಿಆರ್‌ಸಿಡಿ (ಸಾಲು ತೆರೆದ ಮೇಲೆ ಓದು-ಬರಹದ ಆದೇಶ ಕೊಡಲು ಕಾಯಬೇಕಾದ ಸೈಕಲ್‌ಗಳು): 15ರಿಂದ 14ಕ್ಕೆ, ವೋಲ್ಟೇಜ್ ಹೆಚ್ಚಿಸದೆ.